ಸಿಗಡಿ ಹೊಂಡದ ಕಂಡಿ

ಥಾಯ್ಲೆಂಡಿಗೆ ಹೋಗಿ ಬಂದೆ ಅಂದರೆ ಪೆನ್ನಾಗರಂನಲ್ಲಿ ಒಬ್ಬರೂ ಅಲ್ಲಿಯ ಮರಗಿಡದ ಸುದ್ದಿ ಕೇಳಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುವವಳಿಂದ ಹಿಡಿದು ನಮ್ಮ ರೇಂಜರ್ ಸಾಹೇಬರ ತನಕ ಎಲ್ಲರದೂ ಒಂದೇ ಪ್ರಶ್ನೆ: ಹಾವು ತಿಂತಾರಂತೆ, ಹೌದಾ? ನಾನು ಅಲ್ಲಿ ಹಾವು ನೋಡಲಿಲ್ಲ, ತಿನ್ನಲೂ ಇಲ್ಲ. ನಾನು ನೋಡಿದ್ದು ಕೆಸರು. ಆ ಕೆಸರಿನಲ್ಲಿ ಒಂದು ಊರಿನ ಹೆಂಗಸರು ಜೀವ ತೇಯ್ದು ಬೆಳೆಸಿದ ಗಿಡಗಳನ್ನು ನೋಡಿದೆ. ನೋಡಿ ಸುಮ್ಮನೆ ಬಂದಿದ್ದರೆ ಚೆನ್ನಾಗಿತ್ತು. ಆ ಗಿಡಗಳಿಗೆ ನನ್ನ ಕೈಯಾರೆ ಒಂದು ಅನಾಹುತ ಮಾಡಿಟ್ಟೆ. ಅದನ್ನು ನಾನೇ ಬರೆದುಬಿಡುವುದು ವಾಸಿ, ಬೇರೆಯವರು ಬರೆದರೆ ಇನ್ನಷ್ಟು ಕೈಕಾಲು ಸೇರಿಸುತ್ತಾರೆ.

ಸೇಲಂ

ನನ್ನ ಹೆಸರು ಕೆಂಪಮ್ಮ. ತವರು ಕೊಳ್ಳೇಗಾಲದ ಕಡೆ, ಕನ್ನಡ ಓದಿದ್ದು ಅಲ್ಲಿ. ಬಾಳಿದ್ದು ಮಾತ್ರ ಗಡಿಯಾಚೆ, ತಮಿಳುನಾಡಿನ ಪೆನ್ನಾಗರಂನಲ್ಲಿ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಬೇವು, ಹೊಂಗೆ, ಹುಣಸೆ ಸಸಿ ಎಬ್ಬಿಸುವುದು ನನ್ನ ಕೆಲಸ. ಒಂದು ಕೊಡ ನೀರಿನಲ್ಲಿ ಎಷ್ಟು ಸಸಿ ಬದುಕಿಸಬಹುದು ಅಂತ ನನ್ನನ್ನು ಕೇಳಿ, ಹೇಳುತ್ತೇನೆ. ಈ ವಿಷಯದಲ್ಲಿ ನನಗೆ ಕೊಂಚ ಜಂಬ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ತೊಂಬತ್ತರ ದಶಕದ ಕೊನೆಯ ಭಾಗ. ಸೇಲಂನ ಒಂದು ಸೇವಾ ಸಂಸ್ಥೆಯವರು ತಮಿಳುನಾಡಿನ ಕಡಲ ದಂಡೆಯಲ್ಲಿ ಕಾಂಡ್ಲಾ ಗಿಡ ನೆಡಿಸುವ ಯೋಚನೆಯಲ್ಲಿದ್ದರು. ಕಾಂಡ್ಲಾ ಅಂದರೆ ಉಪ್ಪುನೀರಿನ ಕೆಸರಿನಲ್ಲೇ ಬೇರು ಬಿಟ್ಟು ನಿಲ್ಲುವ ಮರ. ಅದು ಇದ್ದ ಕಡೆ ಅಲೆ ದಂಡೆಯನ್ನು ಕೊರೆಯುವುದಿಲ್ಲ, ಏಡಿ ಮೀನು ಮರಿ ಮಾಡುತ್ತವೆ. ಥಾಯ್ಲೆಂಡಿನಲ್ಲಿ ಸರ್ಕಾರ, ನೌಕಾಪಡೆ, ಖಾಸಗಿ ಕಂಪನಿ ಮೂವರೂ ಸೇರಿ ಇದೇ ಕೆಲಸ ಮಾಡುತ್ತಿದ್ದಾರೆ, ಯಾರಾದರೂ ಹೋಗಿ ನೋಡಿ ಬನ್ನಿ ಅಂತಾಯಿತು. ಸಸಿ ಗೊತ್ತಿರುವವರು ಒಬ್ಬರು ಬೇಕು ಎಂದು ನನ್ನನ್ನು ಹಿಡಿದರು. ನೀರು ಗೊತ್ತಿರುವವರು ಒಬ್ಬರು ಬೇಕು ಎಂದು ಹೊಗೆನಕಲ್‌ನಲ್ಲಿ ಹರಿಗೋಲು ಹಾಕುವ ಮಾದಯ್ಯನನ್ನು ಹಿಡಿದರು. ಇಂಗ್ಲಿಷ್ ಗೊತ್ತಿರುವವಳು ಸಂಸ್ಥೆಯ ಸೆಲ್ವಿ. ಕಡಲು ಗೊತ್ತಿರುವವರು ಒಬ್ಬರು ಬೇಕು ಅಂತ ಮಾತ್ರ ಯಾರಿಗೂ ಹೊಳೆಯಲಿಲ್ಲ ನೋಡಿ!

ಸೇಲಂನಲ್ಲಿ ನಮಗೆ ಸೂಜಿ ಚುಚ್ಚಿಸಿದರು, ಫೋಟೋ ತೆಗೆಸಿದರು, ಮಾದಯ್ಯನಿಗೆ ಬೂಟು ಕೊಡಿಸಿದರು. ಅವನು ಹತ್ತು ಹೆಜ್ಜೆ ನಡೆದು ಅದನ್ನು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡ.

"ಆಕ್ಕೊಳ್ಳಲೇ ಅದ್ನ, ಮರ್ಯಾದೆ ಓಗ್ತೈತೆ" ಅಂದೆ.

"ನೆಲ ಎಲ್ಲೈತೆ ಅಂತ್ಲೇ ಕಾಲ್ಗೆ ಗೊತ್ತಾಗಕಿಲ್ಲ ಕಣಕ್ಕ. ಇಳಿದ್‌ಮ್ಯಾಲೆ ಆಕ್ಕೊತೀನಿ ಬುಡು" ಅಂದ.

ಆ ಬೂಟು ವಿದೇಶವನ್ನೆಲ್ಲ ಅವನ ಕಂಕುಳಲ್ಲೇ ಕೂತು ನೋಡಿ ಬಂತು.

ಬ್ಯಾಂಕಾಕ್

ವಿಮಾನ ಇಳಿದ ಕೂಡಲೇ ನನ್ನ ರಾಗಿ ಹಿಟ್ಟು ಸಿಕ್ಕಿಬಿತ್ತು. ಪರದೇಶದಲ್ಲಿ ಹೊಟ್ಟೆ ಕೆಟ್ಟರೆ ಅಂಬಲಿಗಿರಲಿ ಎಂದು ಎರಡು ಸೇರು ಕಟ್ಟಿಕೊಂಡಿದ್ದೆ, ಮಾರಂಡಹಳ್ಳಿಯ ನಮ್ಮ ನಾದಿನಿಯ ಹೊಲದ ರಾಗಿ. ಪೆಟ್ಟಿಗೆ ನೋಡುವ ಅಧಿಕಾರಿ ಗಂಟು ಬಿಚ್ಚಿ, ಆ ಕಂದು ಪುಡಿಯನ್ನು ಮೂಸಿ, ಜೋರಾಗಿ ಸೀನಿದ. ಸೀನಿದ್ದಕ್ಕೆ ಅವನ ಟೇಬಲ್ಲು, ಕಾಗದ, ಟೋಪಿ ಎಲ್ಲ ರಾಗಿ. ಸೆಲ್ವಿ ಇಂಗ್ಲಿಷಿನಲ್ಲಿ ಏನೇನೋ ಹೇಳಿದಳು. ನಾನು ಒಂದು ಚಿಟಿಕೆ ತೆಗೆದು ನನ್ನ ಬಾಯಿಗೇ ಹಾಕಿಕೊಂಡು ತೋರಿಸಿದೆ. ಅವನು ನಕ್ಕು, ಗಂಟನ್ನು ಅಚ್ಚುಕಟ್ಟಾಗಿ ಕಟ್ಟಿ, ಎರಡೂ ಕೈ ಜೋಡಿಸಿ ವಾಪಸು ಕೊಟ್ಟ. ನಮ್ಮ ಕಡೆಯ ಚೆಕ್‌ಪೋಸ್ಟಿನವರಾಗಿದ್ದರೆ ಗಂಟನ್ನು ಅವರು ಕಟ್ಟುತ್ತಿರಲಿಲ್ಲ, ನಮಗೇ ಬಿಟ್ಟು ಚಹಾಕ್ಕೆ ಎದ್ದು ಹೋಗುತ್ತಿದ್ದರು.

ಮರುದಿನ ಬೆಳಿಗ್ಗೆ ದಕ್ಷಿಣಕ್ಕೆ ಹೋಗುವ ಬಸ್ಸಿಗಾಗಿ ನಿಂತಿದ್ದಾಗ, ಎಂಟು ಗಂಟೆಗೆ ಸರಿಯಾಗಿ ಮೈಕಿನಲ್ಲಿ ಒಂದು ಹಾಡು ಬಂತು. ಓಡುತ್ತಿದ್ದವರು, ತಿನ್ನುತ್ತಿದ್ದವರು, ಟಿಕೆಟ್ ಹರಿಯುತ್ತಿದ್ದವನು, ಎಲ್ಲರೂ ಇದ್ದಲ್ಲೇ ನಿಂತುಬಿಟ್ಟರು. ಅದು ಅವರ ರಾಷ್ಟ್ರಗೀತೆ, ದಿನವೂ ಹೀಗೇ ಅಂತೆ. ಅಷ್ಟು ದೊಡ್ಡ ನಿಲ್ದಾಣದಲ್ಲಿ ಅಲ್ಲಾಡುತ್ತಿದ್ದವನು ನಮ್ಮ ಮಾದಯ್ಯ ಒಬ್ಬನೇ. ಅವನು ಕಕ್ಕಸು ಹುಡುಕಿಕೊಂಡು ಹೊರಟಿದ್ದ. ಸೆಲ್ವಿ ಹೋಗಿ ಅವನ ಅಂಗಿಯ ತುದಿ ಹಿಡಿದು ನಿಲ್ಲಿಸಿದಳು.

"ಪಾಟು ಮುಗಿಯೋಗಂಟ ತಡಿಯಕಾಯ್ತದಾ ನೋಡು ತಾಯಿ, ನನ್ ಕಷ್ಟ ನನ್ಗೇ ಗೊತ್ತು" ಅಂತ ಅವನು ಹಲ್ಲು ಕಚ್ಚಿಕೊಂಡೇ ಹೇಳಿದ. ಹಾಡು ಮುಗಿಯಿತು, ಅವನ ಮಾನವೂ ಉಳಿಯಿತು.

ಕಾಲುವೆಯ ಊರು

ನಾವು ತಲುಪಿದ್ದು ಪಶ್ಚಿಮ ಕರಾವಳಿಯ ಒಂದು ಸಣ್ಣ ಮೀನುಗಾರರ ಊರಿಗೆ. ಮನೆಗಳೆಲ್ಲ ಕಂಬದ ಮೇಲೆ, ಕೆಳಗೆ ಕಾಲುವೆ. ನಮ್ಮನ್ನು ಮನೆಯಲ್ಲಿಟ್ಟುಕೊಂಡವಳು ಪ್ರಾನೀ ಅಂತ, ನನ್ನದೇ ವಯಸ್ಸು. ಆ ಊರಿನ ಹೆಂಗಸರ ನರ್ಸರಿಗೆ ಅವಳೇ ಯಜಮಾನಿ. ನನ್ನ ಕೈ ಹಿಡಿದು ತಿರುಗಿಸಿ, ಉಗುರಿನ ಸಂದಿಯ ಮಣ್ಣು ನೋಡಿ, ತನ್ನ ಉಗುರು ತೋರಿಸಿ ನಕ್ಕಳು. ಆಮೇಲೆ ನಮಗೆ ಭಾಷೆ ಅಷ್ಟಾಗಿ ಬೇಕಾಗಲಿಲ್ಲ.

ಅವಳ ಸಂಕಟ ಏನೆಂದು, ಅವಳ ಹರಕುಮುರುಕು ಇಂಗ್ಲಿಷನ್ನು ಕೇಳಿಕೊಂಡು ಸೆಲ್ವಿ ಬಿಡಿಸಿ ಹೇಳಿದಳು. ಹಿಂದೆ ಊರಿನ ಮುಂದೆ ದೊಡ್ಡ ಕಾಂಡ್ಲಾ ಕಾಡಿತ್ತು. ಅದನ್ನು ಕಡಿದು ಒಂದು ಕಂಪನಿ ಸಿಗಡಿ ಸಾಕುವ ಹೊಂಡಗಳನ್ನು ತೋಡಿತು. ಕೆಲವು ವರ್ಷಕ್ಕೆ ಸಿಗಡಿಗೆ ರೋಗ ಬಂತು, ಹೊಂಡಗಳು ಪಾಳುಬಿದ್ದವು. ಅಷ್ಟರಲ್ಲಿ ಕಡಲು ದಂಡೆಯನ್ನು ಕೊರೆಯತೊಡಗಿತ್ತು, ಏಡಿ ಸಿಗುವುದು ನಿಂತಿತ್ತು. ಈಗ ಜಾಗ ಕಂಪನಿಯದು, ಆಳುಬಲ ನೌಕಾಪಡೆಯದು, ಕಾಗದಪತ್ರ ಅರಣ್ಯ ಇಲಾಖೆಯದು, ಗಿಡ ಪ್ರಾನೀಯ ಗುಂಪಿನದು. ಎರಡು ಸಲ ನೆಟ್ಟರು, ಎರಡು ಸಲವೂ ಸತ್ತವು. ಇದು ಮೂರನೆಯ ಸಲ, ಒಂದೇ ಒಂದು ಹೊಂಡದಲ್ಲಿ. ನಾವು ಬಂದ ಐದನೆಯ ದಿನ ಮೂರೂ ಕಡೆಯವರು ಬಂದು ನೋಡುತ್ತಾರೆ. ಗಿಡ ನಿಂತಿದ್ದರೆ ಉಳಿದ ಹೊಂಡಗಳನ್ನೆಲ್ಲ ಕಂಪನಿ ಕಾಡಿಗೆ ಬಿಟ್ಟುಕೊಡುತ್ತದೆ. ಇಲ್ಲವಾದರೆ ಜಾಗ ವಾಪಸು ತೆಗೆದುಕೊಳ್ಳುತ್ತದೆ. ಆಮೇಲೆ ಈ ಊರು ಇಲ್ಲಿಂದ ಎದ್ದು ಹೋಗುವುದೊಂದೇ ದಾರಿ.

ಹಿಂದಿನ ಎರಡು ಸಲ ಗಿಡ ಯಾಕೆ ಸತ್ತವು ಅಂತ ನಾನು ಕೇಳಬೇಕಿತ್ತು. ಕೇಳಲಿಲ್ಲ. ನೀರು ಸಾಲದೆ ಸತ್ತಿರುತ್ತವೆ ಎಂದು ನಾನೇ ತೀರ್ಮಾನಿಸಿಬಿಟ್ಟೆ. ನಮ್ಮ ಸೀಮೆಯಲ್ಲಿ ಸಸಿ ಸಾಯುವುದು ಅದೊಂದೇ ಕಾರಣಕ್ಕೆ.

ಎರಡನೆಯ ದಿನ, ನರ್ಸರಿಯಲ್ಲಿ

ಕಾಂಡ್ಲಾ ಬೀಜವನ್ನು ನೋಡಿ ನನಗೆ ಕಣ್ಣು ತುಂಬಿ ಬಂತು, ಸುಳ್ಳು ಹೇಳುವುದಿಲ್ಲ. ಬೀಜ ಮರದಲ್ಲಿರುವಾಗಲೇ ಮೊಳೆತು, ನುಗ್ಗೆಕಾಯಿಯಷ್ಟು ಉದ್ದ ಇಳಿದು, ಆಮೇಲೆ ಕಳಚಿ ಬೀಳುತ್ತದೆ. ಬಿತ್ತುವ ಗೋಜಿಲ್ಲ, ಮೊಳಕೆ ಬಂತೋ ಇಲ್ಲವೋ ಅಂತ ಬೆಳಿಗ್ಗೆ ಎದ್ದು ಕುಕ್ಕರುಗಾಲಲ್ಲಿ ಕೂತು ನೋಡುವ ಗೋಜಿಲ್ಲ. ತಾಯಿಯೇ ಎಲ್ಲ ಮಾಡಿ ಕಳಿಸಿರುತ್ತಾಳೆ. ನಾನು ಹುಣಸೆ ಬೀಜಕ್ಕೆ ಎಷ್ಟು ಸೇವೆ ಮಾಡುತ್ತೇನೆ ಎಂದು ಅಭಿನಯಿಸಿ ತೋರಿಸಿದೆ. ಹೆಂಗಸರು ಬಿದ್ದು ಬಿದ್ದು ನಕ್ಕರು.

ಮಧ್ಯಾಹ್ನ ನಾನು ಅಂಬಲಿ ಕಾಸಿದೆ. ಪ್ರಾನೀ ಒಂದು ಗುಟುಕು ಕುಡಿದು, ಮುಖ ಕಿವುಚದೆ ಇರಲು ಬಹಳ ಪ್ರಯತ್ನಪಟ್ಟು, ಅದಕ್ಕೆ ಮೀನಿನ ರಸ ಬೆರೆಸಿಕೊಂಡು ಪೂರ್ತಿ ಮುಗಿಸಿದಳು. ಆ ರಸದ ವಾಸನೆ ನನಗೆ ಆಗದು, ಆದರೂ ಅವಳ ಮರ್ಯಾದೆಗೆ ನಾನೂ ಅವಳು ಬಡಿಸಿದ ಅನ್ನಕ್ಕೆ ಅದನ್ನೇ ಸುರಿದುಕೊಂಡೆ. ಹೊಗೆನಕಲ್‌ನ ಮೀನು ಹುರಿಯುವ ಅಂಗಡಿಗಳ ಮುಂದೆ ಬೆಳೆದ ಮಾದಯ್ಯನಿಗೆ ಯಾವ ತೊಂದರೆಯೂ ಇರಲಿಲ್ಲ. ಮೂರು ಸಲ ಬಡಿಸಿಕೊಂಡ.

ಅವನಿಗೆ ತಲೆ ಕೆಡಿಸಿದ್ದು ಕಾಲುವೆ. ಬೆಳಿಗ್ಗೆ ದೋಣಿಗಳೆಲ್ಲ ಕೆಸರಿನ ಮೇಲೆ ಮಲಗಿದ್ದವು, ಮಧ್ಯಾಹ್ನ ತೇಲುತ್ತಿದ್ದವು, ಸಂಜೆ ಮತ್ತೆ ಮಲಗಿದವು. ಅರ್ಧ ದಿನ ಯೋಚಿಸಿ ಅವನು ಒಂದು ನಿರ್ಣಯಕ್ಕೆ ಬಂದ.

"ಅಕ್ಕ, ಮ್ಯಾಲೆ ಎಲ್ಲೋ ಡ್ಯಾಮ್ ಐತೆ. ನಮ್ ಮೇಟ್ಟೂರ್ ಇದ್ದಂಗೆ. ಟೈಮಿಗ್ ಸರ್ಯಾಗಿ ತೆರೀತಾರೆ, ಟೈಮಿಗ್ ಸರ್ಯಾಗಿ ಮುಚ್ಚುತಾರೆ. ಶಿಸ್ತು ಅಂದ್ರೆ ಇವ್ರುದು ಕಣಕ್ಕ."

ನನಗೂ ಅದು ಸರಿಯೆನಿಸಿತು. ಎಂಟು ಗಂಟೆಗೆ ಹಾಡಿಗೆ ನಿಲ್ಲುವ ಜನ, ಡ್ಯಾಮನ್ನೂ ಗಡಿಯಾರ ನೋಡಿ ತೆರೆಯುತ್ತಾರೆ ಅಂದುಕೊಂಡೆ. ಹೊಳೆ ನೀರು ಕೆಳಕ್ಕೆ ಹೋಗುವುದನ್ನು ಮಾತ್ರ ಕಂಡವರು ನಾವಿಬ್ಬರೂ. ಸೆಲ್ವಿಯನ್ನು ಕೇಳಬಹುದಿತ್ತು, ಆದರೆ ನೀರಿನ ವಿಷಯ ಸೇಲಂ ಪೇಟೆಯ ಹುಡುಗಿಯನ್ನು ಕೇಳುವುದೇ ಅಂತ ಇಬ್ಬರಿಗೂ ಬಿಗುಮಾನ.

ಮೂರನೆಯ ದಿನ, ಹೊಂಡದ ಬದುವಿನ ಮೇಲೆ

ಆ ದಿನ ಪ್ರಾನೀ ಮತ್ತು ಸೆಲ್ವಿ ಅರಣ್ಯ ಇಲಾಖೆಯ ಆಫೀಸಿಗೆ ಹೋದರು. ನಾವಿಬ್ಬರೂ ಊಟ ಮುಗಿಸಿ ಆ ಪರೀಕ್ಷೆಯ ಹೊಂಡವನ್ನು ನೋಡೋಣ ಎಂದು ಬದುವಿನ ಮೇಲೆ ನಡೆದುಕೊಂಡು ಹೋದೆವು. ಹೊಂಡ ತುಂಬಿತ್ತು. ಗಿಡಗಳ ಕುಡಿ ಮಾತ್ರ ನೀರಿನ ಮೇಲೆ ಕಾಣುತ್ತಿತ್ತು. ಎಂಥ ಸಮೃದ್ಧಿ ಅಂತ ನಾನು ಕೈ ಮುಗಿಯುವಷ್ಟರಲ್ಲಿ ಮಾದಯ್ಯ ಕೂಗಿದ.

"ಅಕ್ಕಾ! ಬದ ಒಡ್ದೈತೆ! ನೀರು ಓಗ್ತಾ ಐತೆ!"

ನೋಡಿದರೆ ನಿಜ. ಬದುವಿನಲ್ಲಿ ಎರಡು ಮೊಳ ಅಗಲದ ಕಂಡಿ. ಅದರೊಳಗಿಂದ ಹೊಂಡದ ನೀರು ಕಾಲುವೆಗೆ ಸುರಿಯುತ್ತಿತ್ತು. ನಮ್ಮ ಕಡೆ ಕೆರೆಯ ಏರಿ ಸೋರುವುದನ್ನು ಕಂಡು ಸುಮ್ಮನೆ ದಾಟಿ ಹೋದವನ ಮನೆಯಲ್ಲಿ ಯಾರೂ ನೀರು ಮುಟ್ಟುವುದಿಲ್ಲ. ಮದುವೆ ದಿಬ್ಬಣ ಹೋಗುತ್ತಿದ್ದರೂ ಸರಿ, ಗಂಡಿನ ಕಡೆಯವರೇ ಇಳಿದು ಎರಡು ಹೆಂಟೆ ಹಾಕಿ ಮುಂದೆ ಹೋಗಬೇಕು. ಯಾರದು ಕೆರೆ, ಯಾರದು ಹೊಲ ಅಂತ ಕೇಳುವ ಪದ್ಧತಿಯೇ ಇಲ್ಲ.

ಸೀರೆ ಎತ್ತಿ ಸಿಕ್ಕಿಸಿದೆ. ಬದುವಿನ ಮೇಲೆ ಯಾರೋ ಬಿಟ್ಟುಹೋದ ಸನಿಕೆ ಇತ್ತು. ಮಾದಯ್ಯ ಕಾಲುವೆಯ ಅಂಚಿನಲ್ಲಿ ಬೆಳೆದಿದ್ದ ತಾಳೆಯಂಥ ಗಿಡದ ಸೋಗೆ ಕಡಿದು ಅಡ್ಡ ಕೊಟ್ಟು, ಅದಕ್ಕೆ ಬೆನ್ನು ಒತ್ತಿ ನಿಂತ. ನಾನು ಹೆಂಟೆ ಮೇಲೆ ಹೆಂಟೆ ಎಸೆದೆ. ಒಂದು ಪದರ ಮಣ್ಣು, ಒಂದು ಪದರ ಸೊಪ್ಪು, ಮೇಲೆ ಇಬ್ಬರೂ ಹತ್ತಿ ತುಳಿದೆವು. ಒಂದು ಗಂಟೆಯ ಕೆಲಸ. ಕೊನೆಗೆ ನಾನು ಅಂಟುಮಣ್ಣು ಕಲಸಿ ಮೇಲೆಲ್ಲ ಅಂಗೈಯಿಂದ ಸಾರಿಸಿದೆ. ಒಂದು ಹನಿ ಹೊರಗೆ ಹೋಗಲಿಲ್ಲ.

"ಸೂಪರ್ ಕಣಕ್ಕ! ಮಿಲ್ಟ್ರಿಯೋರು ಇಷ್ಟು ಜನ ಇದ್ಕಂಡು ಒಂದ್ ಬದ ನೋಡ್ಕಳಕ್ ಆಗಿಲ್ಲ ಇವ್ರ ಕೈಲಿ."

"ಹೇಳ್ಬ್ಯಾಡ. ಮಾಡಿದ್ ಉಪಕಾರ ಬಾಯ್ ಬುಟ್ ಹೇಳ್ಬಾರ್ದು" ಅಂದೆ, ದೊಡ್ಡಸ್ತಿಕೆಯಿಂದ.

ಆ ರಾತ್ರಿ ನಾನು ಮಲಗಿದಷ್ಟು ಸುಖವಾಗಿ ಆ ಊರಿನಲ್ಲಿ ಯಾರೂ ಮಲಗಿರಲಾರರು. ನಾಲ್ಕನೆಯ ದಿನ ಅವರ ಬೌದ್ಧ ಮಂದಿರದ ದಿನ. ಊರಿಗೆ ಊರೇ ಅನ್ನ, ಹೂ ಹಿಡಿದು ಮಂದಿರಕ್ಕೆ ಹೋಯಿತು, ನಾವೂ ಹೋದೆವು. ಹೊಂಡದ ಕಡೆ ಯಾರೂ ಸುಳಿಯಲಿಲ್ಲ.

ಐದನೆಯ ದಿನ

ಬೆಳಿಗ್ಗೆ ಬಿಳಿ ಉಡುಪಿನ ನೌಕಾಪಡೆಯ ಅಧಿಕಾರಿ, ಟೈ ಕಟ್ಟಿದ ಕಂಪನಿಯ ಮ್ಯಾನೇಜರ್, ಕಡತ ಹಿಡಿದ ಅರಣ್ಯಾಧಿಕಾರಿ ಮೂವರೂ ಬಂದರು. ಪ್ರಾನೀ ಹೊಸ ರವಿಕೆ ತೊಟ್ಟು ಮುಂದೆ ನಡೆದಳು. ಹೊಂಡದ ಹತ್ತಿರ ಹೋದವಳು ನಿಂತುಬಿಟ್ಟಳು. ಕಾಲುವೆ ಬತ್ತಿ ಕೆಸರಾಗಿತ್ತು. ಹೊಂಡದಲ್ಲಿ ಮಾತ್ರ ನೀರು ತುಂಬಿ, ಬಿಸಿಲಿಗೆ ಬೆಚ್ಚಗಾಗಿ, ಮೇಲೆ ಹಸಿರು ಕೆನೆ ಕಟ್ಟಿ ನಿಂತಿತ್ತು. ಏಡಿಮರಿಗಳು ಸತ್ತು ತೇಲುತ್ತಿದ್ದವು. ಕುಡಿಗಳು ಬಾಡಿ ಬೂದು ಬಣ್ಣಕ್ಕೆ ತಿರುಗಿದ್ದವು.

ಮೂವರು ಅಧಿಕಾರಿಗಳೂ ಮೆಲ್ಲಗೆ ಮಾತಾಡತೊಡಗಿದರು, ಮುಖದಲ್ಲಿ ನಗು. ಪರವಾಗಿಲ್ಲ, ದೊಡ್ಡ ವಿಷಯವಲ್ಲ ಅಂದುಕೊಂಡೆ. ಅರಣ್ಯಾಧಿಕಾರಿಯನ್ನು ಇಂಗ್ಲಿಷಿನಲ್ಲಿ ಕೇಳಿ ಬಂದ ಸೆಲ್ವಿ ನನ್ನ ಕಿವಿಯಲ್ಲಿ, "ಅಕ್ಕಾ, ಸಂಡೆ ನಡಕ್ಕುದು. ದೊಡ್ಡ ಜಗಳ ಅಕ್ಕ" ಅಂದಳು. ಕಂಡಿಯನ್ನು ಮುಚ್ಚಿದ್ದು ಕಂಪನಿಯ ಕಾವಲುಗಾರ ಅಂತ ನೌಕಾಪಡೆಯವರು. ಸೋತ ಕೆಲಸವನ್ನು ನಮ್ಮ ತಲೆಗೆ ಕಟ್ಟಲು ನಿಮ್ಮವರೇ ಮುಚ್ಚಿದ್ದಾರೆ ಅಂತ ಕಂಪನಿಯವನು. ಪೆನ್ನಾಗರಂನಲ್ಲಿ ಇಂಥ ಜಗಳವಾಗಿದ್ದರೆ ಬಸ್ ಸ್ಟ್ಯಾಂಡಿನ ತನಕ ಕೇಳಿಸುತ್ತಿತ್ತು. ಇಲ್ಲಿ ನಗುನಗುತ್ತಲೇ ಮೂವರು ಬೇರೆಯಾಗುತ್ತಿದ್ದರು.

"ಮುಚ್ಚಿದ್ದು? ಅದು ಒಡೆದಿದ್ದಲ್ಲವಾ?" ಅಂತ ಸೆಲ್ವಿಯನ್ನು ಕೇಳಿದೆ.

ಆಗ ಅವಳು ಹೇಳಿದಳು. ಕಡಲಿನ ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಏರಿದಾಗ ಕಂಡಿಯಿಂದ ಒಳಗೆ ಬರಬೇಕು, ಇಳಿದಾಗ ಹೊರಗೆ ಹೋಗಬೇಕು. ಆಗಲೇ ಕಾಂಡ್ಲಾದ ಬೇರಿಗೆ ಉಸಿರು. ಹಿಂದಿನ ಸಲ ಗಿಡ ಸತ್ತದ್ದು ನೀರು ನಿಂತು. ಕಂಪನಿಯನ್ನು ಕಾಡಿ ಬೇಡಿ, ಸೈನಿಕರಿಂದ ಅಗೆಸಿದ ಕಂಡಿ ಅದು.

ಡ್ಯಾಮೂ ಇಲ್ಲ, ಮಣ್ಣೂ ಇಲ್ಲ. ನೀರು ಹೆಚ್ಚಾಗಿ ಗಿಡ ಸಾಯುತ್ತದೆ ಅಂತ ನನ್ನ ಜನ್ಮದಲ್ಲಿ ಕೇಳಿರಲಿಲ್ಲ.

ಮಾದಯ್ಯ ಪಕ್ಕಕ್ಕೆ ಬಂದು ಪಿಸುಗುಟ್ಟಿದ. "ಸುಮ್ಕಿರಕ್ಕ. ನಾಳೆ ಓಗ್ತೀವಿ. ಯಾರ್ಗೂ ತಿಳಿಯಕಿಲ್ಲ."

ನಿಜ, ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಪ್ರಾನೀ ಕಂಡಿಯ ಹತ್ತಿರ ಕೂತು, ನಾನು ಸಾರಿಸಿದ ಮಣ್ಣಿನ ಮೇಲೆ ಒಣಗಿ ಉಳಿದಿದ್ದ ಅಂಗೈ ಗುರುತನ್ನು ಬೆರಳಿನಿಂದ ಸವರುತ್ತಿದ್ದಳು. ತಲೆ ಎತ್ತಿ ನನ್ನ ಕಡೆ ನೋಡಿದಳು. ಅವಳು ಎರಡು ಮಾತು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

"ಸೆಲ್ವಿ, ಅವರಿಗೆ ಹೇಳು. ಇದನ್ನು ಕಟ್ಟಿದ್ದು ನಾನು. ಕಂಪನಿಯವರಲ್ಲ, ಸೈನ್ಯದವರಲ್ಲ. ಪೆನ್ನಾಗರಂ ಕೆಂಪಮ್ಮ."

"ಐಯೋ ಅಕ್ಕಾ, ಎನ್ನಕ್ಕಾ ಪಣ್ಣೀಟೀಂಗ!" ಎಂಥ ಕೆಲಸ ಮಾಡಿಬಿಟ್ಟಿರಿ ಎಂದು ಅವಳು ತಲೆ ಮೇಲೆ ಕೈ ಇಟ್ಟುಕೊಂಡಳು. ಆಮೇಲೆ ಇಂಗ್ಲಿಷಿನಲ್ಲಿ ಹೇಳಿದಳು, ಮುಖ ಕೆಂಪಾಗಿಸಿಕೊಂಡು.

"ನಾನೂ ಇದ್ದೆ ಅನ್ನು" ಅಂತ ಮಾದಯ್ಯನೂ ಮುಂದೆ ಬಂದ. "ಬೆನ್ ಕೊಟ್ಟೋನು ನಾನು."

ನಮ್ಮಲ್ಲಿ ಸೋರುವ ಏರಿಯನ್ನು ದಾಟಿ ಹೋಗಬಾರದು ಎಂಬುದನ್ನು ಸೆಲ್ವಿಯ ಬಾಯಲ್ಲಿ ಹೇಳಿಸಿದೆ. ನೌಕಾಪಡೆಯ ಅಧಿಕಾರಿ ಆ ಮಣ್ಣನ್ನು ಬೂಟಿನಿಂದ ಒದ್ದು ನೋಡಿದ. ಅಲ್ಲಾಡಲಿಲ್ಲ. ತಮ್ಮವರು ಕಟ್ಟಿದ್ದೆಲ್ಲ ವಾರಕ್ಕೆ ಸೋರುತ್ತದೆ, ಇದಕ್ಕೆ ಏನು ಹಾಕಿದಿರಿ ಎಂದು ಕೇಳಿದ. ಕಂಪನಿಯ ಮ್ಯಾನೇಜರ್ ಮೊದಲು ನಕ್ಕ, ಈ ಸಲ ನಿಜವಾದ ನಗು. ನನಗೆ ನಗು ಬರಲಿಲ್ಲ.

ಪ್ರಾನೀ ಎದ್ದು ಬಂದು ಸನಿಕೆಯನ್ನು ನನ್ನ ಕೈಗೆ ಕೊಟ್ಟಳು. ನೀನೇ ಒಡೆ ಅಂತ.

ಸನಿಕೆ ಎತ್ತಿದೆ. ಕೈ ಇಳಿಯಲಿಲ್ಲ. ತುಂಬಿದ ನೀರು ಎದುರಿಗಿದೆ, ನಾನು ಏರಿ ಒಡೆಯಬೇಕು. ನನ್ನ ಅತ್ತೆ ನೋಡಿದ್ದರೆ ಮನೆಗೆ ಸೇರಿಸುತ್ತಿರಲಿಲ್ಲ. ಮಾದಯ್ಯ ಆ ಕಡೆ ಮುಖ ತಿರುಗಿಸಿಕೊಂಡ. ಕಣ್ಣು ಮುಚ್ಚಿ ಹಾಕಿದೆ. ಇನ್ನೊಂದು, ಇನ್ನೊಂದು. ನೀರು ಸದ್ದು ಮಾಡುತ್ತ ನುಗ್ಗಿ ಕಾಲುವೆಗೆ ಹೋಯಿತು. ನಾನು ಮಕ್ಕಳ ಹಾಗೆ ಅತ್ತುಬಿಟ್ಟೆ, ಯಾರು ಏನಾದರೂ ಅಂದುಕೊಳ್ಳಲಿ.

ಬರಿದಾದ ಹೊಂಡದಲ್ಲಿ ಗಿಡಗಳು ಕೆಸರು ಮೆತ್ತಿಕೊಂಡು ವಾಲಿದ್ದವು. ಬದುಕಿವೆಯೋ ಇಲ್ಲವೋ ಯಾರಿಗೂ ಹೇಳಲಾಗಲಿಲ್ಲ. ನಾನು ಕೆಸರಿಗಿಳಿದು ಒಂದು ಗಿಡದ ತೊಗಟೆಯನ್ನು ಉಗುರಿನಿಂದ ಕೆರೆದೆ. ಬೇವಾಗಲಿ ಕಾಂಡ್ಲಾ ಆಗಲಿ, ಜೀವ ನೋಡುವ ರೀತಿ ಒಂದೇ. ಒಳಗೆ ಹಸಿರಿತ್ತು. ಪ್ರಾನೀ ಇನ್ನೊಂದನ್ನು ಕೆರೆದಳು. ಅದೂ ಹಸಿರು. ಮ್ಯಾನೇಜರ್ ಟೈ ಭುಜದ ಮೇಲೆ ಹಾಕಿಕೊಂಡು ಇಳಿದು ತಾನೂ ಕೆರೆದು ನೋಡಿದ. ನೀರು ಮತ್ತೆ ಏರುವ ತನಕ ಕಾಯೋಣ, ಅಷ್ಟರಲ್ಲಿ ಎಲೆ ನಿಂತರೆ ಸಹಿ ಹಾಕುತ್ತೇನೆ ಎಂದ.

ಬದುವಿನ ಮೇಲೆ ಸಾಲಾಗಿ ಕೂತೆವು. ಊಟ ಅಲ್ಲಿಗೇ ಬಂತು. ಹೊತ್ತು ಹೋದಂತೆ ಕಾಲುವೆಯಲ್ಲಿ ಒಂದು ಗೆರೆ ನೀರು ಕಾಣಿಸಿತು, ಆಮೇಲೆ ಎರಡು ಗೆರೆ. ಅದು ಕಂಡಿಗೆ ಬಂತು, ಒಳಗೆ ನುಸುಳಿತು, ಗಿಡಗಳ ಬುಡ ತೊಳೆಯಿತು, ಎಲೆಗಳ ಕೆಸರು ತೊಳೆಯಿತು. ಬೂದು ಬಣ್ಣ ಮುಕ್ಕಾಲುಪಾಲು ಕೆಸರಿನದೇ. ಒಂದೊಂದೇ ಗಿಡ ನೀರಿನಲ್ಲಿ ನೆಟ್ಟಗಾಯಿತು. ಮ್ಯಾನೇಜರ್ ಅರಣ್ಯಾಧಿಕಾರಿಯ ಬೆನ್ನಿನ ಮೇಲೆ ಕಡತ ಇಟ್ಟು ಸಹಿ ಹಾಕಿದ. ಹೆಂಗಸರು ಕಿರುಚಿದ್ದಕ್ಕೆ ಕೊಕ್ಕರೆಗಳೆಲ್ಲ ಎದ್ದು ಹೋದವು.

ಎಲ್ಲರೂ ಹೋದ ಮೇಲೂ ನಾನು ಮತ್ತು ಪ್ರಾನೀ ಅಲ್ಲೇ ಕೂತಿದ್ದೆವು. ಹೊಂಡ ತುಂಬಿ, ಒಂದು ಗಳಿಗೆ ಅಲ್ಲಾಡದೆ ನಿಂತು, ಆಮೇಲೆ ನೀರು ಮೆಲ್ಲಗೆ ಕಂಡಿಯ ಕಡೆ ತಿರುಗಿತು. ಹೊರಗೆ ಹೋಗತೊಡಗಿತು. ಎಲ್ಲ ಗೊತ್ತಿದ್ದೂ ನನ್ನ ಕೈ ತಾನಾಗಿ ಸನಿಕೆಯ ಮೇಲೆ ಹೋಯಿತು. ಪ್ರಾನೀ ನನ್ನ ಮಣಿಕಟ್ಟು ಹಿಡಿದುಕೊಂಡಳು. ಅವಳ ಭಾಷೆಯಲ್ಲಿ ಏನೋ ಒಂದು ಮಾತು ಹೇಳಿದಳು, ಹೋಗಲಿ ಬಿಡು ಅಂತ ಇರಬೇಕು. ನೀರು ಪೂರ್ತಿ ಇಳಿದು ಕೆಸರು ಕಾಣುವ ತನಕ ಅವಳು ನನ್ನ ಕೈ ಬಿಡಲಿಲ್ಲ, ನಾನೂ ಬಿಡಿಸಿಕೊಳ್ಳಲಿಲ್ಲ.